ಖಾಲಿಯಾಗಿ ಏರಿ ಬಂದ ಗಣಿಬಂಡಿ

"ಗುರುಗಳೇ, ಪಾಠ ಹೇಳುವುದನ್ನು ಬಿಟ್ಟುಬಿಡಲೇ?" ಎಂದು ಚನ್ನಮಲ್ಲ ಕೇಳಿದ. ಮಠದ ಶಾಲೆಯಲ್ಲಿ ಆರು ವರ್ಷದಿಂದ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಶಿಷ್ಯ ಅವನು. "ಕಲಿತು ಹೋದವರು ಒಬ್ಬರೂ ತಿರುಗಿ ನೋಡುವುದಿಲ್ಲ. ಹೊಸದಾಗಿ ಬರುವವರಿಗೆ ಅ ಆ ಕೂಡ ಬಾರದು. ನನಗಂತೂ ಸಾಕುಸಾಕಾಗಿದೆ."

ಗುರುಗಳು ಬಿಡು ಎನ್ನಲಿಲ್ಲ, ಬೇಡ ಎಂದೂ ಎನ್ನಲಿಲ್ಲ. "ಕೂತುಕೋ ಮಾರಾಯ" ಎಂದು ಒಂದು ಕತೆ ಹೇಳಿದರು.

ಒಂದು ಬೆಟ್ಟದ ಮೇಲೆ ಅದಿರಿನ ಗಣಿ. ಅಲ್ಲಿಂದ ತಪ್ಪಲಿಗೆ ಎರಡು ಸಾಲು ಹಳಿ, ಸಾಲಿಗೊಂದು ಸಣ್ಣ ಬಂಡಿ. ಎರಡೂ ಬಂಡಿಗಳನ್ನು ಒಂದೇ ಹಗ್ಗದ ಎರಡು ತುದಿಗೆ ಕಟ್ಟಿ, ಹಗ್ಗವನ್ನು ಮೇಲಿನ ರಾಟೆಗೆ ಹಾಕಿದ್ದರು. ತುಂಬಿದ್ದು ಇಳಿಯುವಾಗ ಖಾಲಿಯದನ್ನು ಮೇಲಕ್ಕೆಳೆಯುತ್ತಿತ್ತು. ಎತ್ತೂ ಬೇಡ, ಎಂಜಿನ್ನೂ ಬೇಡ. ಮೇಲೊಬ್ಬ ತುಂಬುವವನು, ಕೆಳಗೊಬ್ಬ ಸುರಿಯುವವನು.

ತುಂಬುವವನಿಗೆ ಒಂದು ದಿನ ತಲೆ ಕೆಟ್ಟಿತು. ನಾನು ಮೈಮುರಿದು ತುಂಬಿ ಕಳಿಸುವುದು, ಆ ಮಹಾರಾಯ ಬರೀ ಖಾಲಿ ಕಳಿಸುವುದು, ಇದ್ಯಾವ ನ್ಯಾಯ! ಅಂಚಿಗೆ ಬಂದು ಕೂಗಿದ: "ಏನಯ್ಯಾ, ನಾಚಿಕೆ ಇಲ್ಲವೇ ನಿನಗೆ? ನೀನೂ ಏನಾದರೂ ತುಂಬಿ ಕಳಿಸು!"

ಸುರಿಯುವವನು ಪಾಪದವನು. "ಆಗಲಿ ಅಣ್ಣಾ, ಇಲ್ಲಿ ಕಲ್ಲು ಬಿಟ್ಟರೆ ಬೇರೇನೂ ಇಲ್ಲ" ಎಂದವನೇ ಬಂಡಿಯ ತುಂಬ ಕಲ್ಲು ಹೇರಿದ.

ತುಂಬುವವನು ಖುಷಿಯಿಂದ ಚಕ್ರದ ಅಡೆ ತೆಗೆದ. ಬಂಡಿ ಕದಲಲಿಲ್ಲ. ಹೆಗಲು ಕೊಟ್ಟು ನೂಕಿದ. ಊಹೂಂ! ಎರಡು ಕಡೆಯೂ ಸಮಭಾರ, ಹೇಗೆ ತಾನೇ ಹೋದೀತು? ಮೇಸ್ತ್ರಿ ಓಡಿ ಬಂದು, "ಸಂಜೆಯೊಳಗೆ ಅದಿರು ಇಳಿಯದಿದ್ದರೆ ನಾಳೆಯಿಂದ ಇಬ್ಬರೂ ಬರಬೇಡಿ" ಎಂದ. ತುಂಬುವವನು ದಡಬಡ ಬೆಟ್ಟ ಇಳಿದು, ಸುರಿಯುವವನ ಜೊತೆ ನಿಂತು ಬಂಡಿಯಿಂದ ಕಲ್ಲು ಇಳಿಸತೊಡಗಿದ. ಆಗ ಸುರಿಯುವವನ ಅಂಗೈ ಅವನ ಕಣ್ಣಿಗೆ ಬಿತ್ತು. ಪೂರ್ತಿ ಬೊಬ್ಬೆ. ಒಂದು ಚೂರು ಅದಿರೂ ಉಳಿಯದಂತೆ ದಿನವಿಡೀ ಬಂಡಿಯ ತಳ ಕೆರೆದು ಕೆರೆದು ಎದ್ದ ಬೊಬ್ಬೆ. ಅಯ್ಯೋ, ಇವನಿಗೆ ಎಂಥ ಮಾತಂದೆ ಎಂದು ತುಂಬುವವನಿಗೆ ಕರುಳು ಚುರುಕ್ಕೆಂದಿತು. ಕಲ್ಲು ಕಡಿಮೆಯಾಗುತ್ತಿದ್ದಂತೆ ಬಂಡಿ ತಾನಾಗಿಯೇ ಮೇಲೇರಿತು.

"ಅವರ ಕೆಲಸ ಉಳಿಯಿತು, ಸರಿ. ಆದರೆ ನನಗೇನು ಸಿಕ್ಕ ಹಾಗಾಯಿತು ಗುರುಗಳೇ?" ಎಂದ ಚನ್ನಮಲ್ಲ.

ಗುರುಗಳು ಅವನ ಮುಖ ನೋಡಿ ಹೇಳಿದರು: "ಬರುವ ಬಂಡಿಗಳೆಲ್ಲ ತುಂಬಿಯೇ ಬಂದರೆ, ನೀನು ಯಾವುದಕ್ಕೆ ತುಂಬುತ್ತೀಯಪ್ಪಾ?"