ಬೇರೆ ಮನೆಯ ಕೆಂಡ

ಗುರುಗಳು ಒಂದು ಕೊಡ ನೀರು ತಂದು ಮಠದ ಹಿತ್ತಲಿನಲ್ಲಿ ಉರಿಯುವ ಒಲೆಗೆ ಸುರಿದರು.

ಒಲೆ ಚುಂಯ್ ಎಂದಿತು. ಬೂದಿ ಎದ್ದು ಶಿಷ್ಯ ಅಡಿವೆಪ್ಪನ ಮುಖಕ್ಕೆ ಬಡಿಯಿತು. ಹೊಸ ಒಲೆ. ಅವನೇ ಮಣ್ಣು ಕಲಸಿ ಕಟ್ಟಿದ್ದ, ಆಗಷ್ಟೇ ಹೊತ್ತಿಸಿದ್ದ.

'ಬೆಂಕಿ ಎಲ್ಲಿಂದ ತಂದಿ?' ಎಂದರು ಗುರುಗಳು.

ಅಡಿವೆಪ್ಪ ಕಡ್ಡಿಪೆಟ್ಟಿಗೆ ತೋರಿಸಿದ. ಗುರುಗಳು ಅದನ್ನು ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

'ಹೊಸ ಒಲಿಗೆ ಬ್ಯಾರೆ ಮನಿ ಕೆಂಡ ಬೇಕು. ಊರಾಗ ಹೋಗಿ ತಾ.'

ಅಷ್ಟೇ. ಹೊಳೆಯ ಕಡೆ ನಡೆದುಬಿಟ್ಟರು.

ಆ ಊರಿನ ಹಳೆಯ ಪದ್ಧತಿ ಅದು. ಹೊಸ ಒಲೆ ಹೂಡಿದವರು ಕೆಂಡವನ್ನು ಇನ್ನೊಬ್ಬರ ಒಲೆಯಿಂದ ತರಬೇಕು. ಕೊಟ್ಟವರು ಜೊತೆಗೆ ಬಂದು, ಒಲೆ ಹೊತ್ತುವುದನ್ನು ಕಣ್ಣಾರೆ ನೋಡಿ ಹೋಗಬೇಕು. ನೋಡದಿದ್ದರೆ ಕೊಟ್ಟವರ ಒಲೆ ಮುನಿಯುತ್ತದೆ.

ಅಡಿವೆಪ್ಪನಿಗೆ ಬೇಡವಾಗಿದ್ದು ಅದೇ. ಯಾರೂ ನೋಡಬಾರದಿತ್ತು.

ಮಠದ ಅಡುಗೆ ನಿಂಬೆವ್ವನದು. ತಾಯಿಯಿಲ್ಲದ ಅಡಿವೆಪ್ಪನನ್ನು ತುತ್ತು ಹಾಕಿ ಸಾಕಿದವಳು ಅವಳು. ಬಂದ ಭಕ್ತರಿಗೆಲ್ಲ ರೊಟ್ಟಿ ಬಡಿದು ಬಡಿದು, ಹೊಗೆ ಕುಡಿದು ಕುಡಿದು, ಅವಳ ಕಣ್ಣುಗಳು ಮಂಜಾಗಿದ್ದವು. ಹೊಗೆ ತಪ್ಪದಿದ್ದರೆ ಉಳಿದ ದೃಷ್ಟಿಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಡುಗೆಮನೆ ಬಿಡು ಎಂದರೆ ಅವಳು ಬಿಡುವವಳಲ್ಲ. ಮುಂದೆ ಮಳೆಗಾಲ. ಹಸಿ ಕಟ್ಟಿಗೆ, ಇನ್ನಷ್ಟು ಹೊಗೆ.

ಅದಕ್ಕೇ ಅಡಿವೆಪ್ಪ ಹಿತ್ತಲಿನ ಚಪ್ಪರಕ್ಕೆ ಗೋಣಿತಟ್ಟು ಇಳಿಬಿಟ್ಟು, ಒಳಗೆ ಒಬ್ಬನೇ ಒಲೆ ಕಟ್ಟುತ್ತಿದ್ದ, ಕೆಡವುತ್ತಿದ್ದ. ನಿಂಬೆವ್ವನಿಗೂ ಹೇಳಿರಲಿಲ್ಲ. ತಾನೇ ಕಟ್ಟಿ, ತಾನೇ ಅವಳನ್ನು ಕೈಹಿಡಿದು ಕರೆತಂದು ಕೂರಿಸಬೇಕೆಂಬ ಆಸೆ.

ತಳ ಒಡೆದ ಗಡಿಗೆಗಳನ್ನು ಒಂದರ ಮೇಲೊಂದು ಇಟ್ಟು ಹೊಗೆ ಹೋಗಲು ಕೊಳವೆ ಮಾಡಿದ್ದ. ಕೊಳವೆ ಅಗಲವಾದರೆ ಹೊಗೆಯ ಹಿಂದೆ ಉರಿಯೂ ಹೋಗುತ್ತಿತ್ತು, ರೊಟ್ಟಿಯ ಹಂಚು ಕಾಯುತ್ತಿರಲಿಲ್ಲ. ಕಿರಿದು ಮಾಡಿದರೆ ಉರಿ ಒಳಗೇ ನಿಲ್ಲುತ್ತಿತ್ತು, ಹೊಗೆಯೂ ಒಳಗೇ ನಿಲ್ಲುತ್ತಿತ್ತು. ಇದರಾಚೆಗೆ ಅವನ ತಲೆ ಓಡಲಿಲ್ಲ.

ಅವನು ಹೊಳೆಯ ದಂಡೆಗೆ ಹೋಗಿ ಗುರುಗಳ ಎದುರು ನಿಂತ.

'ಅಜ್ಜಾರ, ಕಡ್ಡಿ ಗೀರಿದರೂ ಅದ ಬೆಂಕಿ, ಕೆಂಡ ತಂದರೂ ಅದ ಬೆಂಕಿ. ಹೌದಲ್ರಿ?'

'ಹೌದು.'

'ಮತ್ತ ಯಾಕ್ರಿ?'

'ಕೆಂಡ ತಾ ಒಂದ ಬರೂದಿಲ್ಲ,' ಎಂದು ಗುರುಗಳು ನೀರಿಗಿಳಿದರು.

ಅಡಿವೆಪ್ಪ ಲೆಕ್ಕ ಹಾಕಿ ದುರ್ಗವ್ವನ ಮನೆಗೆ ಹೋದ. ಊರ ಬಟ್ಟೆಯೆಲ್ಲ ಕುದಿಸಿ ಒಗೆಯುವವಳು. ಪುರಸೊತ್ತಿಲ್ಲದವಳು, ಜೊತೆಗೆ ಬರಲಾರಳು ಎಂದುಕೊಂಡಿದ್ದ. ಅವಳು ಕೆಂಡವನ್ನು ಒಡೆದ ಗಡಿಗೆಯ ಬೋಕಿಗೆ ಹಾಕಿಕೊಟ್ಟು, ಕೈ ಒರೆಸಿಕೊಂಡು ಹಿಂದೆಯೇ ಹೊರಟಳು. ಮುನಿದ ಒಲೆಯನ್ನು ರಮಿಸುತ್ತ ಕೂರಲು ತನಗೆ ಹೊತ್ತಿಲ್ಲವೆಂದಳು.

ಗೋಣಿತಟ್ಟು ಎತ್ತಿ ಒಳಗೆ ಬಂದು ಕುಕ್ಕರುಗಾಲಲ್ಲಿ ಕುಳಿತಳು. ಒಲೆ ಹೊತ್ತಿತು. ಉರಿ ಸರ್ರನೆ ಕೊಳವೆ ಹತ್ತಿತು.

'ಯಾಕೋ ತಮ್ಮಾ, ಮ್ಯಾಲೆ ಕುಂತ ಕಾಗಿಗೆ ಅಡಿಗಿ ಮಾಡಾಕತ್ತೀಯೇನು?' ಎಂದು ನಕ್ಕಳು. ನಗುತ್ತಲೇ ಹೋದಳು. ದಾರಿಯುದ್ದಕ್ಕೂ ಆ ನಗು ಕೇಳಿಸಿತು.

ಅಡಿವೆಪ್ಪ ಮುಖ ಊದಿಸಿಕೊಂಡು ಗುರುಗಳ ಬಳಿಗೆ ಬಂದ. ನೋಡಿ ನಕ್ಕು ಹೋದಳೆಂದು ದೂರಿದ.

'ನಗಾಕ ಆಕಿಗೆ ಏನು ಕಂಡಿತು?'

ಅಡಿವೆಪ್ಪ ಹೇಳಲು ಹೊರಟ. ತನ್ನ ಬೆಂಕಿ ಸುಮ್ಮನೆ ಮೇಲೆ ಹೋಗುತ್ತಿದ್ದುದು ಅವಳಿಗೆ ಕಂಡಿತ್ತು. ಅವಳ ಮನೆಯಲ್ಲಿ ಒಂದೇ ಉರಿಯ ದಾರಿಯಲ್ಲಿ ಎರಡು ಹಂಡೆಗಳಿದ್ದುದು ಅವನಿಗೆ ಆಗ ನೆನಪಾಯಿತು.

'ನಾಳೆ ಇನ್ನೊಂದು ಮನಿಗೆ ಹೋಗು,' ಎಂದರು ಗುರುಗಳು.

ಅವನು ಒಲೆಯನ್ನು ಕೆಡವಿ ಉದ್ದಕ್ಕೆ ಕಟ್ಟಿದ. ಮುಂದೆ ಹಂಚು, ಹಿಂದೆ ಸಾರಿನ ಗಡಿಗೆ, ಅದರ ಹಿಂದೆ ಕೊಳವೆ.

ಮರುದಿನ ಕೆಂಡ ಕಮ್ಮಾರ ಮೌನೇಶನ ಕುಲುಮೆಯಿಂದ ಬಂತು. ಹೆಸರು ಮೌನೇಶ, ಮಾತು ಮಾತ್ರ ಸಂತೆಯಷ್ಟು. ಕೆಂಡದ ಜೊತೆಗೆ ಅವನು ಬಂದ. ಕರೆಯದಿದ್ದರೂ ದುರ್ಗವ್ವ ಬಂದಳು. ಕಾಗೆಯ ಊಟ ಆಯಿತೇ ನೋಡಲು ಬಂದೆನೆಂದಳು.

ಗಡಿಗೆ ಕಾಯಿತು. ಹಂಚು ಕಾಯಲಿಲ್ಲ. ಉರಿ ಹಂಚಿನ ಕೆಳಗೆ ನಿಲ್ಲದೆ ಓಡುತ್ತಿದೆ, ದಾರಿಗೆ ಅಡ್ಡ ಮಣ್ಣಿನ ದಿಬ್ಬ ಹಾಕು ಎಂದ ಮೌನೇಶ. ಹಾಕಿದರೆ ಒಲೆಗೆ ಉಬ್ಬಸ ಬರುತ್ತದೆ ಎಂದಳು ದುರ್ಗವ್ವ. ಅವನು ದಿಬ್ಬ ಹಾಕಿಸಿದ. ಒಲೆಗೆ ಉಬ್ಬಸ ಬಂತು. ಚಪ್ಪರದ ತುಂಬ ಹೊಗೆ. ಅವನು ಮಾಡಿದ ಕುಡುಗೋಲು ಬೆಣ್ಣೆಯನ್ನೂ ಕೊಯ್ಯದೆಂದು ಅವಳು, ಅವಳ ಕೈಗೆ ಹೋದ ಅಂಗಿ ಜರಡಿಯಾಗಿ ಬರುತ್ತದೆಂದು ಅವನು. ನಡುವೆ ಅಡಿವೆಪ್ಪ ಒಬ್ಬರು ಹೇಳಿದಂತೆ ಮಣ್ಣು ಏರಿಸಿದ, ಇನ್ನೊಬ್ಬರು ಹೇಳಿದಂತೆ ಇಳಿಸಿದ. ಕೆಮ್ಮುತ್ತ, ನಗುತ್ತ. ನಕ್ಕದ್ದು ಅವನಿಗೇ ಗೊತ್ತಾಗಲಿಲ್ಲ.

ಗದ್ದಲ ಕೇಳಿ ನಿಂಬೆವ್ವ ಗೋಡೆ ಹಿಡಿದುಕೊಂಡು ಬಂದಳು. ಕೈಯಲ್ಲಿ ಕಬ್ಬಿಣದ ಊದುಗೊಳವೆ.

'ಯಾರ ಒಲಿ ಇದು?' ಎಂದಳು.

ಅಡಿವೆಪ್ಪ ಮುಂದೆ ಬಂದು ಹೇಳಿದ.

'ನಿಂದು, ಯವ್ವಾ.'

'ನನ್ನ ಒಲಿ ನನ್ನ ಕೇಳದ ಕಟ್ಟಾಕತ್ತೀರೇನು?'

ಅವಳು ಒಲೆಯ ಮುಂದೆ ಕುಳಿತಳು. ಹೊಗೆ ಕಣ್ಣಿಗೆ ಹೊಡೆಯಿತು. ಸಿಟ್ಟು ಬಂತು. ಊದುಗೊಳವೆಯಿಂದ ಒಳಗೆ ಒಂದೇಟು ಹಾಕಿದಳು. ಹಸಿ ದಿಬ್ಬದ ಒಂದು ಮಗ್ಗುಲು ಕುಸಿಯಿತು.

ಉರಿ ಒಮ್ಮೆ ತಡೆದು ನಿಂತಿತು. ಹಂಚಿನ ಕೆಳಗೆ ಸುತ್ತು ಹೊಡೆಯಿತು. ಆಮೇಲೆ ಮುರಿದ ಮಗ್ಗುಲಿನಿಂದ ನುಸುಳಿ ಗಡಿಗೆಯ ಕೆಳಗೆ ಹೋಯಿತು. ಹೊಗೆಯೊಂದೇ ಕೊಳವೆ ಹತ್ತಿತು.

ದಿಬ್ಬ ತನ್ನದೆಂದ ಮೌನೇಶ. ಗಡಿಗೆ ತನ್ನ ಹಂಡೆ ನೋಡಿ ಇಟ್ಟದ್ದೆಂದಳು ದುರ್ಗವ್ವ. ಬಾಯಿ ಮುಚ್ಚಿಕೊಂಡು ಹಿಟ್ಟು ತನ್ನಿ ಎಂದಳು ನಿಂಬೆವ್ವ.

ಅವಳು ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ರೊಟ್ಟಿ ಉಬ್ಬಿತು. ಬುಟ್ಟಿ ತುಂಬುವವರೆಗೂ ಅವಳು ಸೆರಗಿನಿಂದ ಕಣ್ಣು ಒರೆಸಲಿಲ್ಲ. ಅಡಿವೆಪ್ಪ ಅದನ್ನೇ ನೋಡುತ್ತ ಕುಳಿತಿದ್ದ.

ಮಧ್ಯಾಹ್ನ ಗುರುಗಳು ಊಟಕ್ಕೆ ಕುಳಿತಾಗ ಕೇಳಿದರು.

'ಒಲಿ ಯಾರು ಕಟ್ಟಿದರು?'

ನಾನು ಎನ್ನಲು ಅಡಿವೆಪ್ಪ ಬಾಯಿ ತೆರೆದ. ಹಂಚಿನಿಂದ ಕೊಳವೆಯವರೆಗೆ ಮನಸ್ಸಿನಲ್ಲೇ ಒಲೆಯನ್ನು ಸುತ್ತಿ ಬಂದ. ಇದು ಇಂಥವರದೇ ಎನ್ನುವ ಒಂದು ಹಿಡಿ ಮಣ್ಣೂ ಸಿಗಲಿಲ್ಲ.

'ತಿಳಿವಲ್ದು, ಅಜ್ಜಾರ.'

ಗುರುಗಳು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಆ ಮಳೆಗಾಲ ಹಸಿ ಕಟ್ಟಿಗೆಯಲ್ಲೇ ಕಳೆಯಿತು. ನಿಂಬೆವ್ವನ ಕಣ್ಣು ಇನ್ನಷ್ಟು ಮಂಜಾಗಲಿಲ್ಲ.

ಹೊಳೆ ಇಳಿದ ಮೇಲೆ ಆಚೆ ದಂಡೆಯ ಮಠದಿಂದ ಕರೆ ಬಂತು. ಅಲ್ಲಿಯ ಅಡುಗೆಮನೆಗೂ ಅಂಥ ಒಲೆ ಬೇಕಂತೆ, ಅಡಿವೆಪ್ಪನನ್ನು ಕಳಿಸಬೇಕಂತೆ.

ಅಡಿವೆಪ್ಪ ಹಿಗ್ಗಿದ. ಒಲೆಯ ಉದ್ದ, ಅಗಲ, ದಿಬ್ಬದ ಎತ್ತರವನ್ನೆಲ್ಲ ಒಂದು ಹಗ್ಗಕ್ಕೆ ಗಂಟು ಹಾಕಿ ಹಿಡಿದಿಟ್ಟ. ಹಗ್ಗ, ಕರಣೆ, ಆರಿಸಿದ ಗಡಿಗೆಗಳನ್ನು ಮೂಟೆ ಕಟ್ಟಿ, ಹೊತ್ತುಕೊಂಡು ಬಂದು ಗುರುಗಳ ಕಾಲಿಗೆ ಬಿದ್ದ.

ಗುರುಗಳು ಮೂಟೆ ಬಿಚ್ಚಿದರು. ಹಗ್ಗ ತೆಗೆದು ಪಕ್ಕಕ್ಕಿಟ್ಟರು. ಗಡಿಗೆಗಳನ್ನೂ ಇಟ್ಟರು. ಕರಣೆಯನ್ನೂ.

'ಎಲ್ಲಾ ಇಟಗೊಂಡರ ನಾ ಅಲ್ಲಿ ಒಲಿ ಹ್ಯಾಂಗ ಕಟ್ಟಲಿ, ಅಜ್ಜಾರ?'

'ಬರಿಗೈಲೆ ಹೋಗು,' ಎಂದರು ಗುರುಗಳು. 'ಕೆಂಡ ಅಲ್ಲೇ ಸಿಗತೈತಿ.'