ಮೊದಲ ಸಾಲಿನ ಮರ್ಯಾದೆ

ಗುಡ್ಡದ ಬುಡದಲ್ಲಿ ಒಂದು ಕುಂಬಳದ ಹೊಲ. ಹೊಲದ ಸುತ್ತ ಕಳ್ಳಿಯ ಬೇಲಿ, ಬೇಲಿಯ ಮೇಲೆ ಹಬ್ಬಿದ ಕಾಡುತೊಂಡೆ. ಆ ಬೇಲಿಯಲ್ಲಿ ಇನ್ನೂರು ಕೆಂಪು ದುಂಬಿಗಳು ವಾಸವಾಗಿದ್ದವು. ಹೊಲದ ಬಳ್ಳಿ ಒಣಗಿದೊಡನೆ ಅವು ಬೇಲಿಗೆ ಬರುತ್ತಿದ್ದವು. ಮಳೆ ಬಿದ್ದು ಕುಂಬಳ ಮೊಳೆತೊಡನೆ ಹೊಲಕ್ಕೆ ಮರಳುತ್ತಿದ್ದವು. ವರ್ಷದಲ್ಲಿ ಅರ್ಧ ಕಾಲ ಬೇಲಿಯ ಎಲೆ ತಿಂದರೂ ತಾವು ಹೊಲದವರೆಂದೇ ಹೇಳಿಕೊಳ್ಳುತ್ತಿದ್ದವು.

ಇವುಗಳ ಹಿರಿಯರು ಕೆಂಬೆನ್ನಯ್ಯನವರು. ಅವರು ಹಿಂದಿನ ವರ್ಷದ ಒಂದು ಬೆಳೆಯನ್ನು ಕಂಡಿದ್ದರು. ಒಂದನ್ನು ಕಂಡವರು ಎಲ್ಲವನ್ನೂ ಕಂಡಂತೆ ಮಾತನಾಡುವುದುಂಟು; ಅವರು ಹಾಗೆಯೇ ಮಾತನಾಡುತ್ತಿದ್ದರು.

ಅವರು ಮಾಡಿದ ಕಟ್ಟಳೆಯೊಂದಿತ್ತು. ಹೊಲಕ್ಕೆ ಬಂದವರೆಲ್ಲ ಬೇಲಿಗೆ ಹತ್ತಿರದ ಮೊದಲ ಸಾಲಿನಲ್ಲೇ ಇಳಿಯಬೇಕು. ಕೆಂಬೆನ್ನಯ್ಯನವರು ಮೊದಲ ಎಲೆಯನ್ನು ಕಚ್ಚಿ, ಯಾರು ಯಾವ ಎಲೆಯಲ್ಲಿ ಕೂರಬೇಕೆಂದು ಹೆಸರು ಹಿಡಿದು ಹೇಳಬೇಕು. ಅದು ಮುಗಿಯುವ ಮೊದಲೇ ಮುಂದಕ್ಕೆ ಹೋದವರು ‘ಬೇಲಿಯವರು’ ಎನಿಸಿಕೊಳ್ಳುವರು. ದುಂಬಿಗಳಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ.

ಆ ವರ್ಷದ ಬೇಸಿಗೆ ಕಠಿಣವಾಗಿತ್ತು. ಕಾಡುತೊಂಡೆಯಲ್ಲಿ ಎಲೆಗಿಂತ ತೂತೇ ಹೆಚ್ಚಾಯಿತು. ಬೇಗನೆ ಹೊಸ ಬಳ್ಳಿ ಸಿಕ್ಕಿ ಅದರ ಬುಡದಲ್ಲಿ ಮೊಟ್ಟೆಯಿಡದೆ ಹೋದರೆ ವಂಶ ಅಲ್ಲಿಗೇ ಮುಗಿಯುವುದೆಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಮಳೆ ಬಂತು. ಗಾಳಿಯಲ್ಲಿ ಎಳೆಯ ಕುಂಬಳದ ವಾಸನೆ ತೇಲಿತು. ಹೊಟ್ಟೆಯ ತುಂಬ ಮೊಟ್ಟೆ ಹೊತ್ತ ನಂಜಿಯೆಂಬ ದುಂಬಿ ಹೊಲವನ್ನು ನೋಡಿಕೊಂಡು ಬಂದಳು.

“ಅಜ್ಜಯ್ಯ, ಒಂದು ವಿಚಿತ್ರ ಕಂಡೆ. ಬೇಲಿಯ ಬದಿಯ ಒಂದು ಸಾಲು ಮಾತ್ರ ಗೇಣುದ್ದ ಬೆಳೆದಿದೆ. ಹಿಂದಿನ ಸಾಲುಗಳಲ್ಲಿ ಮಣ್ಣು ಈಗಷ್ಟೇ ಬಿರಿಯುತ್ತಿದೆ. ಹೊಲದೊಡತಿ ದೇವೀರಮ್ಮ ಒಂದೇ ಸಾಲನ್ನು ಏಕೆ ಮೊದಲು ಬಿತ್ತಿದಳು?”

“ಏಕೆಂದರೆ ಆಕೆ ಮರ್ಯಾದೆ ಬಲ್ಲವಳು,” ಎಂದರು ಕೆಂಬೆನ್ನಯ್ಯನವರು. “ನಾವು ಎಲ್ಲಿ ಕೂರುತ್ತೇವೆಂದು ತಿಳಿದು ಮಣೆ ಹಾಕಿದ್ದಾಳೆ.”

ಬೇಲಿಯ ಬುಡದಲ್ಲಿದ್ದ ಶಂಖಮ್ಮನೆಂಬ ಬಸವನಹುಳು ಕತ್ತು ಚಾಚಿದಳು. “ಹೋದ ವರ್ಷ ಆಕೆ ಮೂರು ಬೆಳಿಗ್ಗೆ ಇಲ್ಲಿ ಕೂತು ನಿಮ್ಮನ್ನೇ ನೋಡುತ್ತಿದ್ದಳು, ಕೆಂಬೆನ್ನಯ್ಯನವರೇ.”

“ದರ್ಶನಕ್ಕೆ ಬಂದಿದ್ದಳು.”

“ದರ್ಶನಕ್ಕೆ ಬಂದವರು ಕೈ ಮುಗಿಯುತ್ತಾರೆ. ಆಕೆ ನಿಮ್ಮ ತಲೆ ಎಣಿಸುತ್ತಿದ್ದಳು.”

“ಮನೆಯನ್ನು ಬೆನ್ನ ಮೇಲೆ ಹೊತ್ತು ತಿರುಗುವವಳಿಗೆ ಸತ್ಕಾರದ ವಿಷಯ ಹೇಗೆ ತಿಳಿದೀತು, ಶಂಖಮ್ಮ?”

“ನನ್ನನ್ನು ಯಾರೂ ಎಲ್ಲಿಗೂ ಕರೆದಿಲ್ಲ, ನಿಜ. ಅದಕ್ಕೇ ಇನ್ನೂ ಬದುಕಿದ್ದೇನೆ.”

ನಂಜಿ ಮೆಲ್ಲನೆ ಹೇಳಿದಳು: “ಕಾಲುವೆಯಾಚೆ ಹೀರೆಯ ಚಪ್ಪರವೂ ಇದೆ, ಅಜ್ಜಯ್ಯ. ಅರ್ಧ ಜನ ಅತ್ತ ಹೋದರೆ ಒಳ್ಳೆಯದಲ್ಲವೇ?”

“ಅಲ್ಲಿ ನಾನು ಯಾರೆಂದು ಯಾರಿಗೆ ಗೊತ್ತು?” ಎಂದರು ಕೆಂಬೆನ್ನಯ್ಯನವರು. ಅವರ ಮಟ್ಟಿಗೆ ಚರ್ಚೆ ಮುಗಿದಿತ್ತು.

ಬಿಸಿಲು ಏರಿದ ಮೇಲೆ ಇನ್ನೂರು ದುಂಬಿಗಳೂ ಹಾರಿ ಮೊದಲ ಸಾಲಿನಲ್ಲಿ ಇಳಿದವು. ಕೆಂಬೆನ್ನಯ್ಯನವರು ಎಲ್ಲಕ್ಕಿಂತ ಎತ್ತರದ ಎಲೆಯೇರಿ ಅದರ ಅಂಚನ್ನು ಕಚ್ಚಿದರು, ಭಾಷಣ ಮಾಡಿದರು, ಅನಂತರ ಹೆಸರು ಹಿಡಿದು ಹೇಳತೊಡಗಿದರು. ಮೊದಲು ಅಳಿಯಂದಿರು, ಆಮೇಲೆ ಅಳಿಯಂದಿರ ಅಣ್ಣತಮ್ಮಂದಿರು.

“ನಾನು ಇವನ ಕೆಳಗಿನ ಎಲೆಯಲ್ಲಿ ಕೂರಬೇಕೇ?” ಎಂದು ಒಬ್ಬ ಮುನಿಸಿಕೊಂಡ.

“ಕೆಳಗಿನದಲ್ಲಪ್ಪ, ಪಕ್ಕದ್ದು. ಸ್ವಲ್ಪ ಇಳಿಜಾರಾಗಿದೆ, ಅಷ್ಟೇ.”

ಹೊತ್ತು ಮುಳುಗುವಾಗ ನಲವತ್ತೊಂದು ಹೆಸರುಗಳಾಗಿದ್ದವು. “ಉಳಿದವರದು ನಾಳೆ. ಅಲ್ಲಿಯವರೆಗೆ ಯಾರೂ ಸಾಲು ಬಿಡಕೂಡದು,” ಎಂದು ಅಪ್ಪಣೆಯಾಯಿತು.

“ನನ್ನ ಮೊಟ್ಟೆಗಳು ನಾಳೆಗೆ ಕಾಯುವುದಿಲ್ಲ, ಅಜ್ಜಯ್ಯ. ಕಾಲುವೆಯಾಚೆಗೆ ಹೊರಟೆ,” ಎಂದಳು ನಂಜಿ.

“ಹೋದರೆ ನೀನು ಬೇಲಿಯವಳು.”

“ಬೇಸಿಗೆಯೆಲ್ಲ ತಿಂದದ್ದು ಬೇಲಿಯದನ್ನೇ. ಆಗಲಿ.”

ಅವಳು ಹಾರಿದಳು. ಅವಳ ಹಿಂದೆ ಏಳೆಂಟು ದುಂಬಿಗಳೂ ಹಾರಿದವು. ಕೆಂಬೆನ್ನಯ್ಯನವರು ಆ ಕಡೆ ನೋಡಲಿಲ್ಲ. ನೋಡಿದರೆ ಹೋದವರಿಗೆ ಲೆಕ್ಕದಲ್ಲಿ ಸ್ಥಾನ ಕೊಟ್ಟಂತಾಗುತ್ತಿತ್ತು.

ಬೆಳಗಾಯಿತು. ಇಬ್ಬನಿಗೆ ದುಂಬಿಗಳ ರೆಕ್ಕೆ ತೊಯ್ದು, ಚಳಿಗೆ ಕಾಲು ಮರಗಟ್ಟಿದ್ದವು. ಮಕ್ಕಳೇ, ಹೀಗೆ ತೊಯ್ದು ಮರಗಟ್ಟಿದ ದುಂಬಿ ಬಿಸಿಲು ತಾಗದೆ ಹಾರಲಾರದು. ಇದು ದೇವೀರಮ್ಮನಿಗೆ ತಿಳಿದಿತ್ತು. ಅವಳು ಸೊಸೆಯೊಡನೆ ಬಂದಳು. ಕೈಯಲ್ಲಿ ಅಂಟುವಾಳದ ನೊರೆನೀರು ತುಂಬಿದ ಅಗಲ ಬಾಯಿಯ ಮಡಕೆಯಿತ್ತು.

“ನೋಡಿ, ತಾನೇ ಬಂದಿದ್ದಾಳೆ,” ಎಂದರು ಕೆಂಬೆನ್ನಯ್ಯನವರು. “ಪಾನಕ ತಂದಿರಬೇಕು. ಯಾರೂ ಕದಲಬೇಡಿ, ಸಾಲು ಕೆಡುತ್ತದೆ.” ಸ್ವಾಗತವನ್ನು ಸ್ವೀಕರಿಸಲು ಅವರು ಮೀಸೆಗಳನ್ನು ಎತ್ತಿ ನಿಂತರು.

ದೇವೀರಮ್ಮ ಎಲೆಯ ಕೆಳಗೆ ಮಡಕೆ ಹಿಡಿದು, ಮೇಲಿನಿಂದ ಮೆಲ್ಲನೆ ತಟ್ಟಿದಳು. ಹೆದರಿದ ದುಂಬಿ ಕಾಲು ಮಡಚಿ ಕೆಳಗೆ ಉದುರುತ್ತದೆ. ಮಣ್ಣಿನಲ್ಲಿ ಅಡಗಿ ಜೀವ ಉಳಿಸಿಕೊಳ್ಳುತ್ತದೆ. ಆ ಬೆಳಿಗ್ಗೆ ಕೆಳಗೆ ಮಣ್ಣಿರಲಿಲ್ಲ. ಕೆಂಬೆನ್ನಯ್ಯನವರು ಮೊದಲು ಬಿದ್ದರು. ಅನಂತರ ಅಳಿಯಂದಿರು, ಆಮೇಲೆ ಅವರ ಅಣ್ಣತಮ್ಮಂದಿರು. ಸರದಿ ಒಂದಿಷ್ಟೂ ತಪ್ಪಲಿಲ್ಲ.

“ಅಜ್ಜಯ್ಯ, ನನ್ನ ಜಾಗ ಯಾವುದೆಂದು ಹೇಳಲೇ ಇಲ್ಲ,” ಎಂದಿತು ಕೊನೆಗೆ ಬಿದ್ದ ಒಂದು ದುಂಬಿ. ಕೆಂಬೆನ್ನಯ್ಯನವರ ಬಾಯಿಯ ತುಂಬ ನೊರೆಯಿತ್ತು.

“ಒಂದೂ ಹಾರಲಿಲ್ಲವಲ್ಲ, ಅತ್ತೆ,” ಎಂದಳು ಸೊಸೆ.

“ಹೋದ ವರ್ಷವೇ ನೋಡಿಟ್ಟಿದ್ದೆ. ಇವರು ಕರೆಯದೆ ಬರುತ್ತಾರೆ, ಆದರೆ ಮೊದಲ ಸಾಲು ಬಿಟ್ಟು ಕದಲುವುದಿಲ್ಲ. ಅದಕ್ಕೇ ಒಂದು ಸಾಲು ಇವರಿಗೆಂದೇ ಬಿತ್ತಿದೆ. ಇನ್ನು ಉಳಿದ ಹೊಲ ನಮ್ಮದು.”

ಅದೇ ಹೊತ್ತಿಗೆ ಕಾಲುವೆಯಾಚೆ ನಂಜಿ ಹೀರೆಯ ಬುಡದ ಮಣ್ಣಿನಲ್ಲಿ ಮೊಟ್ಟೆಯಿಟ್ಟು ಮೇಲೆ ಬಂದಳು. ಚಪ್ಪರದ ಮೇಲಿದ್ದ ಮುದಿ ದುಂಬಿಯೊಂದು ಕೇಳಿತು: “ಎಲ್ಲಿಯವಳಮ್ಮ ನೀನು?”

“ಬೇಲಿಯವಳು,” ಎಂದಳು ನಂಜಿ.

“ಇಲ್ಲಿರುವವರೆಲ್ಲ ಯಾವುದೋ ಒಂದು ಬೇಲಿಯಿಂದ ಬಂದವರೇ,” ಎಂದು ಅದು ಎಲೆಯ ಮೇಲೆ ಸ್ವಲ್ಪ ಸರಿದು ಜಾಗ ಕೊಟ್ಟಿತು.

ನೀತಿ: ಮಣೆ ಹಾಕಿದ್ದನ್ನು ಕಂಡೊಡನೆ ಅದು ತನ್ನ ಹಿರಿಮೆಗೆ ಸಂದ ಗೌರವವೆಂದು ಕೂರಬಾರದು, ಹಾಕಿದವರು ಯಾರು, ಏಕೆ ಹಾಕಿದರು ಎಂದು ಮೊದಲು ವಿಚಾರಿಸಬೇಕು.