ಹಾವಿಲ್ಲದ ಬೀದಿಗೆ ಮೂವರು ಕಾವಲು

"ಬುದ್ಧಿ, ಮೂರ್ಛೆರೋಗವೊಂದಕ್ಕೆ ಮೂರು ಬಗೆಯ ಮಾತ್ರೆ ಯಾಕೆ? ಎರಡು ವರ್ಷದಿಂದ ನಾನು ಒಮ್ಮೆಯೂ ಬಿದ್ದಿಲ್ಲ. ಉಪ್ಪು ಬಿಟ್ಟೆ, ಬೆಲ್ಲ ಬಿಟ್ಟೆ. ಈ ಶ್ರಾವಣಕ್ಕೆ ಮಾತ್ರೆಯನ್ನೂ ತ್ಯಾಗ ಮಾಡಲೇ?" ಎಂದು ಶಿಷ್ಯ ಗುರುಪಾದ ಕೇಳಿದ.

ಗುರುಗಳು ಹೇಳಿದರು: "ಭಲೇ ತ್ಯಾಗಿ. ಕೂತುಕೋ.

ಒಂದು ಪೇಟೆಬೀದಿ. ಅಲ್ಲೊಬ್ಬ ಬಳೆ ವರ್ತಕ. ಬೀದಿಯವರಿಗೆ ಒಂದು ಕೆಟ್ಟ ಚಾಳಿ. ಒಬ್ಬ 'ಹಾವು' ಎಂದು ಕೂಗಿದರೆ ಸಾಕು, ಪಕ್ಕದವನೂ ಕೂಗುವನು. ಕ್ಷಣದಲ್ಲಿ ಬೀದಿಗೆ ಬೀದಿಯೇ ಅರಚಿ ಕೈಕಾಲು ಬಡಿಯುವುದು. ವರ್ತಕನ ಬಳೆಯೆಲ್ಲ ಪುಡಿಪುಡಿ."

"ಹಗ್ಗವನ್ನು ಹಾವೆಂದು ಭ್ರಮಿಸಿದರೇ ಬುದ್ಧಿ?"

"ಹಗ್ಗವೂ ಇರಲಿಲ್ಲ ಕಣಯ್ಯ. ನಿನ್ನ ವೇದಾಂತ ಆಚೆಗಿಡು.

ವರ್ತಕ ಊರ ವೈದ್ಯನ ಮುಂದೆ ಅತ್ತ. ವೈದ್ಯ ಮೂವರನ್ನು ಕಳಿಸಿದ. ಮೊದಲನೆಯವನು ಕೂಗಿದವನ ಬಾಯಿಗೆ ಎಲೆಅಡಿಕೆ ತುರುಕುವನು. ಅಗಿದು ಮುಗಿಯುವ ತನಕ ಅವನು ಮತ್ತೆ ಕೂಗುವ ಹಾಗಿಲ್ಲ. ನಿಧಾನವಾಗಿ ಮಾತಾಡುವವರಿಗೆ ಇವನ ತಂಟೆಯಿಲ್ಲ. ಎರಡನೆಯವನು 'ಏನಿಲ್ಲ, ಸುಮ್ಮನಿರಿ' ಎನ್ನುವ ಮುದುಕಿಯರನ್ನು ಹುಡುಕಿ ಅವರ ದನಿಗೆ ದನಿ ಸೇರಿಸುವನು. ಮೂರನೆಯವನು ಅಂಗಡಿಯಿಂದ ಅಂಗಡಿಗೆ ಸುದ್ದಿ ಒಯ್ಯುವವರನ್ನು ಬಾಗಿಲಲ್ಲೇ ತಡೆದು, ಹತ್ತು ಮಂದಿ ಹೊರಟರೆ ಇಬ್ಬರನ್ನು ಮಾತ್ರ ಬಿಡುವನು. ಒಬ್ಬನಿಗೆ ಬಗ್ಗದ ಕೂಗು ಇನ್ನೊಬ್ಬನಿಗೆ ಬಗ್ಗುತ್ತಿತ್ತು. ನಿನ್ನ ಮೂರು ಮಾತ್ರೆಗಳೂ ತಲೆಯೊಳಗೆ ಇದೇ ಚಾಕರಿ ಮಾಡುತ್ತವೆ.

ಮೊದಲ ವಾರ ಸಮಾಧಾನ ಹೆಚ್ಚಾಗಿ ಬೀದಿಯೇ ತೂಕಡಿಸಿತು. ಸೊಪ್ಪಿನಂಗಡಿಗೆ ದನ ನುಗ್ಗಿ ಹೊಟ್ಟೆ ತುಂಬ ಮೇದರೂ ಯಾರೂ ಏಳಲಿಲ್ಲ. 'ಸ್ವಲ್ಪ ಮೆತ್ತಗೆ ಹೇಳಪ್ಪ' ಎಂದು ವೈದ್ಯ ಎರಡನೆಯವನಿಗೆ ತಿಳಿಸಿದ. ಸರಿಹೋಯಿತು.

ಎರಡು ವರ್ಷ ಒಂದು ಬಳೆಯೂ ಒಡೆಯಲಿಲ್ಲ. ವರ್ತಕನಿಗೆ ಕೊಬ್ಬು ಬಂತು. 'ಹಾವಿಲ್ಲ, ಕೂಗಿಲ್ಲ, ಈ ದಂಡಪಿಂಡಗಳು ಇಲ್ಲೇಕೆ ಕೂತಿದ್ದಾರೆ?' ಎಂದು ಒಂದೇ ಬೆಳಿಗ್ಗೆ ಮೂವರನ್ನೂ ಓಡಿಸಿದ. ವೈದ್ಯನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಅವನು ಕಳಿಸಬಹುದೋ ಬಾರದೋ ನೋಡಿ, ಕಳಿಸುವುದಾದರೂ ಒಬ್ಬೊಬ್ಬನನ್ನಾಗಿ, ತಿಂಗಳುಗಟ್ಟಲೆ ತಡೆದು ಕಳಿಸುತ್ತಿದ್ದ. ಮಧ್ಯಾಹ್ನದೊಳಗೆ ಬೀದಿ ಹಿಂದೆಂದೂ ಕೂಗದಷ್ಟು ಕೂಗಿತು. ವರ್ತಕ ಗಾಜಿನ ಚೂರುಗಳ ನಡುವೆ ತಲೆಯ ಮೇಲೆ ಕೈಹೊತ್ತು ಕೂತ."

ಗುರುಪಾದ ನಕ್ಕ. "ಅವನೆಂಥ ದಡ್ಡ! ಹೋಗಲಿ ಬಿಡಿ ಬುದ್ಧಿ, ಬಳೆ ತಾನೇ, ಬೇರೆ ತರಬಹುದು."

"ತರಬಹುದು," ಎಂದರು ಗುರುಗಳು. "ನೀನು ದಿನಾ ಬಾವಿಕಟ್ಟೆಯ ಮೇಲೆ ನಿಂತು ನೀರು ಸೇದುತ್ತೀಯಲ್ಲ, ಬೇರೆ ಗುರುಪಾದನನ್ನು ನಾನೆಲ್ಲಿಂದ ತರಲಿ?"